ಮೊದಲು ಅರ್ಜಿ, ಮರುದಿನವೇ ಪ್ರಕಟಣೆ

ಬದಿಯಡ್ಕದಿಂದ ಕೇಳಿದವರಿಗೆ: ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಶಿಲೀಂಧ್ರನಾಶಕ) ಮಳೆಗೆ ತೊಳೆದುಹೋಗದಂತೆ ಹಿಡಿದಿಡುವ ಹೊಸ ಅಂಟು ಕಂಡುಕೊಂಡಿದ್ದೀರಿ. ಗೈಡ್ ಪೇಟೆಂಟ್ ಅನ್ನುತ್ತಾರೆ, ನಿಮಗೆ ಈಗಲೇ ಪ್ರಿಪ್ರಿಂಟ್ (ಪತ್ರಿಕೆಯ ಪರಿಶೀಲನೆಗೆ ಮೊದಲೇ ಆನ್‌ಲೈನಿನಲ್ಲಿ ಹಾಕುವ ಪ್ರಬಂಧ) ಹಾಕಿ ಅಡಿಕೆ ಬೆಳೆಗಾರರಿಗೆ ತಲುಪಿಸುವ ಆಸೆ. ಎರಡೂ ಆಗುತ್ತದೆ, ಕ್ರಮ ಮಾತ್ರ ತಪ್ಪಬಾರದು.

ಮೊದಲು ಪ್ರಾವಿಷನಲ್ ಅರ್ಜಿ, ಅಂದರೆ ದಿನಾಂಕ ಕಾದಿರಿಸುವ ತಾತ್ಕಾಲಿಕ ಪೇಟೆಂಟ್ ಅರ್ಜಿ, ಹಾಕಿ. ಮರುದಿನವೇ ಪ್ರಿಪ್ರಿಂಟ್ ಹಾಕಬಹುದು. ಪೂರ್ಣ ಅರ್ಜಿಗೆ 12 ತಿಂಗಳು ಸಮಯವಿದೆ. ಆದರೆ ಪ್ರಾವಿಷನಲ್ ಅಂತ ಸುಮ್ನೆ ಅರ್ಧ ಪುಟ ಬರೆಯಬೇಡಿ. ಅದರಲ್ಲಿ ಇಲ್ಲದ ಅಂಶಕ್ಕೆ ಆ ದಿನಾಂಕದ ರಕ್ಷಣೆ ಸಿಗುವುದಿಲ್ಲ. ಆಮೇಲೆ, ಈಗಾಗಲೇ ಪ್ರಕಟವಾದದ್ದು ಹೊಸದಲ್ಲ ಅಂತ, ನಿಮ್ಮದೇ ಪ್ರಿಪ್ರಿಂಟ್ ನಿಮಗೆ ಅಡ್ಡ ಬರುತ್ತದೆ.

ಅರ್ಜಿಗೆ ಮೊದಲೇ ಪ್ರಕಟಿಸಿದವರಿಗೆ ನಮ್ಮ ಪೇಟೆಂಟ್ ಕಾನೂನಿನ ಸೆಕ್ಷನ್ 31 ಕೊಡುವ ರಿಯಾಯಿತಿ ತುಂಬಾ ಕಿರಿದು. ವಿದ್ವತ್ ಸಂಘದಲ್ಲಿ ಓದಿದ ಪ್ರಬಂಧ, ಸರಕಾರ ಸೂಚಿಸಿದ ಪ್ರದರ್ಶನ, ಇಂಥವಕ್ಕೆ ಮಾತ್ರ. ಪ್ರಿಪ್ರಿಂಟ್ ವಿಷಯದಲ್ಲಿ ಅದನ್ನು ನಂಬಬೇಡಿ. ಶೋಧಗಂಗಾಕ್ಕೆ (ಎಲ್ಲರೂ ಓದಬಹುದಾದ ಆನ್‌ಲೈನ್ ಥೀಸಿಸ್ ಭಂಡಾರ) ಹೋಗುವ ಥೀಸಿಸ್, ಸೆಮಿನಾರಿನ ಪೋಸ್ಟರ್ ಬಗ್ಗೆಯೂ ಎಚ್ಚರ ಬೇಕು.

ತೋಟದವರು ಹಿಂದಿನಿಂದ ಬಳಸುತ್ತಿದ್ದ ಅಂಟನ್ನೇ ನೀವು ಪರೀಕ್ಷೆ ಮಾಡಿದ್ದಾದರೆ ಮಾತು ಬೇರೆ. ಸೆಕ್ಷನ್ 3(ಪಿ) ಪ್ರಕಾರ ಸಾಂಪ್ರದಾಯಿಕ ತಿಳುವಳಿಕೆಗೆ ಪೇಟೆಂಟ್ ಇಲ್ಲ. ಇರಲೂಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪೇಟೆಂಟ್ ಅಂದರೆ ಬಾಗಿಲು ಮುಚ್ಚುವುದು ಅಂತ ಬೇಸರ ಬೇಡ. ಪೂರ್ಣ ಅರ್ಜಿ ಸಾಮಾನ್ಯವಾಗಿ ಮೊದಲ ಅರ್ಜಿಯ ದಿನದಿಂದ 18 ತಿಂಗಳಿಗೆ ಎಲ್ಲರಿಗೂ ಓದಲು ಸಿಗುತ್ತದೆ. ಪ್ರಯೋಗಕ್ಕೆ, ಪಾಠಕ್ಕೆ ಬಳಸಲು ಸೆಕ್ಷನ್ 47 ಬಿಡುತ್ತದೆ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇ. 80 ಕಡಿತವೂ ಇದೆ.

ಆದರೂ ಒಂದು ಮಾತು. ಬೋರ್ಡೋ ವಿಧಾನವನ್ನು ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ಇವತ್ತು ಮೈಲುತುತ್ತು, ಸುಣ್ಣ ತಂದು ನಮ್ಮ ಬೆಳೆಗಾರರು ತಾವೇ ಕಲಸಿಕೊಳ್ಳುತ್ತಾರೆ, ಅಲ್ವಾ? ನಿಮ್ಮ ಅಂಟೂ ಹಾಗೆ ಮನೆಯಲ್ಲೇ ಮಾಡುವಂಥದ್ದಾದರೆ ಪೇಟೆಂಟ್ ಬಿಟ್ಟು ನೇರ ಪ್ರಕಟಿಸಿ. ಕಾರ್ಖಾನೆಯೇ ಬೇಕಾದರೆ ಅರ್ಜಿ ಹಾಕಿ, ರೈತರಿಗೆ ಕಡಿಮೆ ಬೆಲೆ ಅನ್ನುವ ಷರತ್ತನ್ನು ಲೈಸೆನ್ಸಿನಲ್ಲೇ ಬರೆಸಿ.