ಮೀಸೆ ಬಂದ ಮೇಲೂ ‘ಅದು’

ಅಂಗವಿಕಲ ಅನ್ನಬೇಕೋ, ವಿಕಲಚೇತನ ಅನ್ನಬೇಕೋ, ದಿವ್ಯಾಂಗ ಅನ್ನಬೇಕೋ ಎಂದು ನನ್ನನ್ನು ಕೇಳುವವರು ಹೆಚ್ಚಾಗಿ ಶಿಕ್ಷಕರು, ಇಲ್ಲವೇ ಸಮಾರಂಭದ ನಿರೂಪಕರು. ಮನೆಯವರು ಕೇಳುವುದಿಲ್ಲ. ಆದರೆ ಮೈಸೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕು ಮನೆಮಾತಿನದೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಂಡ್ಯ ಕಡೆಯ ತಾಯಿ, ಮಗ. ಮಗನಿಗೆ 26 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ನಡೆಯುವಾಗ ಓಲಾಡುತ್ತಾರೆ, ಮಾತು ಎಳೆದೆಳೆದು ಬರುತ್ತದೆ. ಪದವಿ ಮುಗಿಸಿ, ಸೇವಾ ಕೇಂದ್ರವೊಂದರಲ್ಲಿ ಊರವರಿಗೆ ಪಹಣಿ ತೆಗೆದುಕೊಡುತ್ತಾರೆ, ಪಿಂಚಣಿ ಅರ್ಜಿ ಹಾಕಿಕೊಡುತ್ತಾರೆ. ತಮ್ಮನಿಗೆ ಹೆಣ್ಣು ನೋಡಲು ಶುರುಮಾಡಿದ ಮೇಲೆ ಸರಿಯಾಗಿ ಊಟ ಮಾಡುತ್ತಿಲ್ಲ, ಯಾರ ಜೊತೆಗೂ ಮಾತಿಲ್ಲ. ತನಗೂ ಮದುವೆ ಬೇಕೆಂಬ ಮುನಿಸು ಎಂದು ತಾಯಿಯ ಲೆಕ್ಕ.

ನಾನು ಮಗನನ್ನು ಕೇಳಿದರೆ ತಾಯಿಯೇ ಉತ್ತರಿಸುತ್ತಿದ್ದರು. “ಅದ್ಕೆ ಊಟನೇ ಸೇರ್ತಿಲ್ಲ ಮೇಡಮ್ಮೋರೆ. ಸುಮ್ಕೆ ಕುಂತಿರ್ತದೆ. ಚಿಕ್ಕೋನು ಹಂಗಲ್ಲ, ಅವ್ನು ಬೆಂಗ್ಳೂರಲ್ಲಿ ಕೆಲ್ಸ ಮಾಡ್ತಾವ್ನೆ.” ನಡುವೆ ಮಾತಾಡಬೇಡಿ ಎಂದು ತಾಯಿಗೆ ಹೇಳಿ, ಮಗನ ಕಡೆ ತಿರುಗಿ ಕೂತೆ. ಎರಡು ವಾಕ್ಯ ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಮಧ್ಯೆ ಮಧ್ಯೆ ತಾಯಿಯ ತುಟಿ ಅಲ್ಲಾಡುತ್ತಿತ್ತು.

“ಅಂಗವಿಕಲ ಅಂದ್ರೆ ನಂಗೇನೂ ಬೇಜಾರಿಲ್ಲ, ದಿನಾ ಅರ್ಜೀಲಿ ತುಂಬ್ತೀನಿ. ಹೆಣ್ಣಿನ ಕಡೆಯೋರ ಮುಂದೆ, ನಾನು ಅಲ್ಲೇ ಕೂತಿದ್ದಾಗ, ‘ಅದು ಪಾಪ, ದೇವ್ರ ಕೂಸು, ಅದ್ರಿಂದ ನಿಮ್ಮುಡ್ಗೀಗೆ ಏನೂ ತೊಂದ್ರೆ ಇಲ್ಲ’ ಅಂದ್ರು.”

ತಾಯಿ ತಡೆಯಲಾರದೆ ಅಂದರು: “ಮುದ್ದಿಗೆ ಹಂಗಂತೀವಿ ಕಣಪ್ಪ. ಚಿಕ್ಕೋನ್ಗೂ ಅಂತಿದ್ದೆ.”

“ಅವನಿಗೆ ಮೀಸೆ ಬಂದಾಗ ‘ಅವನು’ ಆದ. ಮೀಸೆ ನಂಗೂ ಬಂತಲ್ಲವ್ವ.”

ತಾಯಿ ಬಹಳ ಹೊತ್ತು ಅತ್ತರು. ಆ ದಿನ ಮದುವೆಯ ವಿಷಯ ಬರಲೇ ಇಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮನೆಯಲ್ಲೂ ನೆಂಟರ ಮುಂದೆಯೂ ‘ಅವನು’ ಅನ್ನಿ, ಇಲ್ಲವೇ ಹೆಸರು ಹಿಡಿದು ಹೇಳಿ. ‘ಪಾಪ’ ಬಿಡಿ. ಹೆಣ್ಣಿನ ಕಡೆಯವರು ಇನ್ನೊಮ್ಮೆ ಬಂದರೆ ತನ್ನ ಪರಿಚಯವನ್ನು ಅವನೇ ಹೇಳಿಕೊಳ್ಳಲಿ. ತಡವಾದರೂ ಯಾರೂ ವಾಕ್ಯ ಪೂರ್ತಿ ಮಾಡಿಕೊಡಬೇಡಿ. ಸೆರೆಬ್ರಲ್ ಪಾಲ್ಸಿ ‘ಕಾಯಿಲೆ’ಯೂ ಅಲ್ಲ: ಬೆಳೆಯುವ ಹಂತದಲ್ಲಿ ಮಿದುಳಿಗೆ ಆದ ಪೆಟ್ಟಿನಿಂದ ಚಲನೆಗೆ ತೊಡಕಾಗುತ್ತದೆ, ಅದಾದ ಮಾತ್ರಕ್ಕೆ ಬುದ್ಧಿ ಕಡಿಮೆ ಎಂದಲ್ಲ. ಮಗನಿಗೂ ಒಂದು ಮಾತು ಹೇಳಿದೆ: ಊಟ ಬಿಟ್ಟು ತಿಳಿಸುವ ಬದಲು ಅಲ್ಲೇ, ಆಗಲೇ, ಬಾಯಿಬಿಟ್ಟು ಹೇಳಿ.

ನಮ್ಮ ವೃತ್ತಿಯ ಗೆಳತಿಯೊಬ್ಬರು ಇದನ್ನು ಪೇಟೆಯ ನಾಜೂಕು ಎಂದರು. ಮಂಡ್ಯದ ಮಾತಿನಲ್ಲಿ ಹೆಂಡತಿಗೂ ಮಗಳಿಗೂ ‘ಅದು’ ನಡೆಯುತ್ತದೆ, ಆ ತಾಯಿಯ ಬಾಯಿ ಯಾಕೆ ಕಟ್ಟುತ್ತೀರಿ ಎಂಬುದು ಅವರ ವಾದ. ಹೆಣ್ಣುಮಕ್ಕಳ ವಿಷಯದಲ್ಲೂ ನನಗೆ ತಕರಾರಿದೆ, ಅದು ಇನ್ನೊಂದು ಲೇಖನಕ್ಕಿರಲಿ. ಆಡುಮಾತನ್ನು ನಾನು ತಿದ್ದಲಿಲ್ಲ. ತಮ್ಮನಿಗೆ ಸಿಕ್ಕ ಬಡ್ತಿ ಅಣ್ಣನಿಗೆ ಯಾಕಿಲ್ಲ ಎಂದು ಕೇಳಿದೆ, ಅಷ್ಟೇ. ‘ದಿವ್ಯಾಂಗ’ ಅನ್ನಿ ಎಂದೂ ಹೇಳಿಕೊಡಲಿಲ್ಲ. 2015ರ ಕೊನೆಯಲ್ಲಿ ಪ್ರಧಾನಿ ಸೂಚಿಸಿದ ಆ ಪದವನ್ನು ಹಲವು ಅಂಗವಿಕಲರ ಸಂಘಟನೆಗಳೇ ಒಪ್ಪಲಿಲ್ಲ. ದೇವರ ಕೂಸು ಅಂದದ್ದಕ್ಕೇ ನೊಂದವರಿಗೆ ಇನ್ನೊಂದು ದೈವತ್ವ ಹೊರಿಸಿ ಏನು ಮಾಡಲಿ? ಯಾವ ಪದ ಬೇಕೆಂದು ಅವರನ್ನೇ ಕೇಳಬೇಕು. ತಮ್ಮನ್ನು ‘ಕಿವುಡರು’ ಎಂದು ಸಂಕೋಚವಿಲ್ಲದೆ ಕರೆದುಕೊಳ್ಳುವವರಿಗೆ ‘ಮೂಗ’ ಅಂದರೆ ಸಿಟ್ಟು ಬರುತ್ತದೆ.

ಬೀದಿಯ ಮಾತು ಬೇರೆ. ಸೇವಾ ಕೇಂದ್ರಕ್ಕೆ ಬರುವ ಒಬ್ಬ ಇವರನ್ನು ‘ಸೊಟ್ಟ’ ಎಂದೇ ಕೂಗುತ್ತಾನಂತೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ನಾಲ್ಕು ಜನ ನೋಡುವ ಕಡೆ ಅಂಗವಿಕಲರನ್ನು ಹೀನಾಯ ಮಾಡಲೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇದನ್ನು ಅವರಿಗೆ ತಿಳಿಸಿದೆ. ದೂರು ಕೊಡುವುದು ಬಿಡುವುದು ಅವರ ತೀರ್ಮಾನ. ತಾಯಿಯ ಮುಂದೆ ಮಾತ್ರ ಈ ಸೆಕ್ಷನ್ ಎತ್ತಲಿಲ್ಲ. ಅಕ್ಕರೆಯಿಂದ ಬಂದ ತಪ್ಪಿಗೆ ಕಾನೂನಿನ ಹೆದರಿಕೆ ಹಾಕಿದರೆ ಆ ಮನೆಯಲ್ಲಿ ಉಳಿಯುವುದು ಮೌನ ಮಾತ್ರ.

ಈಗ ಊಟ ಮಾಡುತ್ತಿದ್ದಾರೆ. ಗಾಬರಿಯಾದಾಗ ತಾಯಿಯ ಬಾಯಲ್ಲಿ ಹಳೆಯದೇ ಬರುತ್ತದೆ, ಮಗ ಅಲ್ಲೇ ತಿದ್ದುತ್ತಾರೆ. ತಂದೆ ಇನ್ನೂ ಒಮ್ಮೆಯೂ ಬಂದಿಲ್ಲ. ಕಬ್ಬಿನ ಕಟಾವು ಮುಗಿಯಲಿ ಅನ್ನುತ್ತಿದ್ದಾರಂತೆ.