ಕರಾವಳಿಯಿಂದ ಆರಿಸಿ ತಂದ ಚಿಪ್ಪುಗಳನ್ನು ಗುರುತಿಸಿ ಪಟ್ಟಿ ಮಾಡುವುದು ಹೇಗೆ?

ಮುರುಡೇಶ್ವರ, ಗೋಕರ್ಣಗಳ ಪ್ರವಾಸದಲ್ಲಿ ಮಕ್ಕಳು ಆರಿಸಿ ತಂದ ಚಿಪ್ಪುಗಳು ಒಂದು ಚೀಲದಷ್ಟಿವೆ, ಅವುಗಳ ಹೆಸರು ತಿಳಿದು ಶಾಲೆಗೆ ಒಂದು ಪಟ್ಟಿ ಮಾಡಿಕೊಡಬೇಕು, ಜೊತೆಗೆ ಅಂಗಡಿಯಲ್ಲಿ ಕೊಂಡ ಒಂದು ಬಲಮುರಿ ಶಂಖವೂ ಇದೆ ಎಂದು ಬರೆದಿದ್ದೀರಿ. ನಾನಿರುವುದು ತುಮಕೂರಿನಲ್ಲಿ, ಸಮುದ್ರ ನಮಗೆ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಮರೆತದ್ದನ್ನು ಮರುದಿನ ಹೋಗಿ ನೋಡಿಕೊಂಡು ಬರಲು ನಮ್ಮಂಥವರಿಗೆ ಆಗುವುದಿಲ್ಲವಾದ್ದರಿಂದ, ಎಲ್ಲಕ್ಕಿಂತ ಮುಖ್ಯವಾದುದನ್ನು ಮೊದಲು ಹೇಳುತ್ತೇನೆ. ಚಿಪ್ಪಿನ ಹೆಸರನ್ನು ಹತ್ತು ವರ್ಷ ಕಳೆದ ಮೇಲೂ ಕಂಡುಹಿಡಿಯಬಹುದು, ಆದರೆ ಅದು ಸಿಕ್ಕಿದ ಜಾಗವನ್ನೂ ದಿನವನ್ನೂ ಆಗಲೇ ಬರೆದಿಡದಿದ್ದರೆ ಮತ್ತೆಂದೂ ತಿಳಿಯುವುದಿಲ್ಲ. ನನ್ನ ಮೊದಲ ಮೂರು ಪ್ರವಾಸಗಳ ಚಿಪ್ಪುಗಳನ್ನೆಲ್ಲ ಒಂದೇ ಗಾಜಿನ ಭರಣಿಗೆ ತುಂಬಿಟ್ಟಿದ್ದೆ. ಅವುಗಳಲ್ಲಿ ಮಲ್ಪೆಯದು ಯಾವುದು, ಕಾರವಾರದ್ದು ಯಾವುದು ಎಂದು ಇಂದು ನನಗೆ ಹೇಳಲಾಗುವುದಿಲ್ಲ. ಆ ನೋವು ಇನ್ನೂ ಇದೆ.

ಆದ್ದರಿಂದ ಮಕ್ಕಳಿಗೆ ನೆನಪಿರುವಾಗಲೇ, ಸಾಧ್ಯವಾದರೆ ಇಂದೇ, ಅವರನ್ನು ಕೂರಿಸಿಕೊಂಡು ಮುರುಡೇಶ್ವರದವು ಬೇರೆ, ಗೋಕರ್ಣದವು ಬೇರೆ, ಅನುಮಾನವಿರುವವು ಬೇರೆ ಎಂದು ಮೂರು ಗುಂಪು ಮಾಡಿ. ಹೊಲಿಗೆ ಹಾಕಿದ ನೋಟ್‌ಬುಕ್ಕೊಂದರಲ್ಲಿ ಪ್ರತಿ ಚಿಪ್ಪಿಗೂ ಒಂದು ಸಂಖ್ಯೆ ಕೊಟ್ಟು, ಜಾಗ, ದಿನಾಂಕ, ಮರಳಿನಲ್ಲಿ ಸಿಕ್ಕಿತೋ ಬಂಡೆಯ ಸಂದಿನಲ್ಲಿ ಸಿಕ್ಕಿತೋ ಎಂಬುದು, ಆರಿಸಿದವರ ಹೆಸರು, ಮಿಲಿಮೀಟರಿನಲ್ಲಿ ಉದ್ದ ಅಗಲ, ಇಷ್ಟನ್ನು ಬರೆಯಿರಿ. ಅದೇ ಸಂಖ್ಯೆಯನ್ನು ಚಿಪ್ಪಿನ ಒಳಬದಿಯಲ್ಲಿ ಕಪ್ಪು ಶಾಯಿಯಿಂದ ಸಣ್ಣದಾಗಿ ಬರೆಯಬೇಕು. ಚಿಪ್ಪು ಒಡೆದುಹೋದರೂ ಅದರ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬಾರದು.

ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಮನೆಮನೆಯಲ್ಲೂ ಹುಣಸೆಹಣ್ಣು ಇರುತ್ತದೆ, ಹಿತ್ತಾಳೆ ದೀಪ ಬೆಳಗುವಂತೆ ಚಿಪ್ಪನ್ನೂ ಅದರಿಂದಲೇ ಉಜ್ಜಲು ಕೈ ಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಚಿಪ್ಪೆಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆ, ನಿಂಬೆ, ವಿನೆಗರ್ ಯಾವುದೇ ಹುಳಿಯಾದರೂ ಮೇಲ್ಪದರವನ್ನು ಕರಗಿಸಿ, ಗುರುತು ಹಿಡಿಯಲು ಬೇಕಾದ ಸೂಕ್ಷ್ಮ ಗೆರೆಗಳನ್ನೇ ಅಳಿಸಿಬಿಡುತ್ತದೆ. ಸಿಹಿನೀರಿನಲ್ಲಿ ಒಂದು ದಿನ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ನೆರಳಿನಲ್ಲಿ ಒಣಗಿಸಿದರೆ ಸಾಕು. ಕೆಲವು ಜಾತಿಯ ಮರದಿಂದ ಹೊರಡುವ ಹುಳಿ ಆವಿಯಿಂದಲೂ ವರ್ಷಗಳು ಕಳೆದಂತೆ ಚಿಪ್ಪಿನ ಮೇಲೆ ಬಿಳಿ ಪುಡಿ ಏಳುವುದುಂಟು; ಗಾಜಿನ ಇಲ್ಲವೇ ಪ್ಲಾಸ್ಟಿಕ್ ಡಬ್ಬಿ ಸುರಕ್ಷಿತ.

ಗುರುತಿಸುವಾಗ ಬಣ್ಣವನ್ನು ಕೊನೆಗೆ ನೋಡಿ, ಏಕೆಂದರೆ ಬಿಸಿಲಿಗೆ ಮೊದಲು ಹೋಗುವುದು ಅದೇ. ಸುರುಳಿ ಸುತ್ತಿದ ಒಂಟಿ ಚಿಪ್ಪುಗಳನ್ನೂ ಕೀಲಿನಲ್ಲಿ ಕೂಡುವ ಜೋಡಿ ಚಿಪ್ಪುಗಳನ್ನೂ ಮೊದಲು ಬೇರ್ಪಡಿಸಿ. ಜೋಡಿ ಚಿಪ್ಪುಗಳ ಗುಟ್ಟು ಒಳಗಿದೆ. ಒಂದು ಹೋಳನ್ನು ಮಗುಚಿ ಕೀಲಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅಘನಾಶಿನಿ ಅಳಿವೆಯಲ್ಲಿ ಜನ ಆರಿಸುವ ಬಳಚಿನ (ಜೋಡಿ ಚಿಪ್ಪಿನ ಜೀವಿ) ಮೆರೆಟ್ರಿಕ್ಸ್ ಜಾತಿಯಲ್ಲಿ ಕೆಲವೇ ದಪ್ಪ ಹಲ್ಲುಗಳು ಕಾಣುತ್ತವೆ; ಉಬ್ಬುಗೆರೆಗಳ ಅನದಾರ ಎಂಬ ಜಾತಿಯಲ್ಲಿ ಬಾಚಣಿಗೆಯಂತೆ ಸಾಲು ಹಲ್ಲುಗಳಿರುತ್ತವೆ. ಒಂದು ಕಡೆ ಮೊಟಕಾಗಿ ಬೆಣೆಯಂತಿರುವುದು ಡೋನಾಕ್ಸ್. ಅಂಗಿಯ ಗುಂಡಿಯಷ್ಟೇ ಇರುವ, ನುಣುಪಾದ ಚಪ್ಪಟೆ ಸುರುಳಿ ಅಂಬೋನಿಯಂ ಇರಬಹುದು. ಯಾವುದಾದರೂ ಚಿಪ್ಪಿನಲ್ಲಿ ಯಂತ್ರದಿಂದ ಕೊರೆದಂತೆ ಒಂದು ದುಂಡನೆಯ ತೂತಿದ್ದು, ಅದರ ಬಾಯಿ ಹೊರಗೆ ಅಗಲವಾಗಿ ಒಳಗೆ ಕಿರಿದಾಗಿದ್ದರೆ, ಅದು ನ್ಯಾಟಿಕಾ ಕುಟುಂಬದ ಬೇಟೆಗಾರ ಬಸವನಹುಳು ಕೊರೆದು ತಿಂದ ಗುರುತು. ಹಾಳಾದ ಚಿಪ್ಪೆಂದು ಅದನ್ನು ಎಸೆಯಬೇಡಿ. ನನ್ನ ಸಂಗ್ರಹದಲ್ಲಿ ಮಕ್ಕಳು ಹೆಚ್ಚು ಹೊತ್ತು ನೋಡುವುದು ಅಂಥದ್ದನ್ನೇ.

ಇನ್ನು ನಿಮ್ಮ ಶಂಖ. ಪ್ರಾಣಿಶಾಸ್ತ್ರದವರು ಸುರುಳಿಯ ತುದಿಯನ್ನು ಮೇಲೆ ಮಾಡಿ, ಬಾಯನ್ನು ತಮ್ಮ ಕಡೆ ತಿರುಗಿಸಿ ಹಿಡಿಯುತ್ತಾರೆ. ಆಗ ಬಾಯಿ ಬಲಗಡೆಗೆ ಬಂದರೆ ಅದು ಬಲಸುತ್ತು. ನಮ್ಮ ಸಂಪ್ರದಾಯದಲ್ಲಿ ಸುರುಳಿ ಕೆಳಗೆ, ನಾಳದ ತುದಿ, ಎಂದರೆ ಬಾಯಿ ಕಿರಿದಾಗಿ ಮುಗಿಯುವ ಕೊನೆ, ಮೇಲೆ. ಹೀಗಾಗಿ ನಾವು ಬಲಮುರಿ ಎನ್ನುವುದನ್ನೇ ಅವರು ಎಡಸುತ್ತು ಎಂದು ಬರೆಯುತ್ತಾರೆ; ಪಟ್ಟಿಯಲ್ಲಿ ಎರಡನ್ನೂ ನಮೂದಿಸಿದರೆ ಗೊಂದಲವಿರದು. ಪೂಜೆಯ ಶಂಖವಾದ ಟರ್ಬಿನೆಲ್ಲಾ ಪೈರಮ್‌ನಲ್ಲಿ ಎಡಸುತ್ತಿನದು ಅತ್ಯಂತ ವಿರಳ. ಆದರೆ ಅಮೆರಿಕದ ಅಟ್ಲಾಂಟಿಕ್ ತೀರದ ಬುಸಿಕಾನ್ ಎಂಬ ಶಂಖಗಳಲ್ಲಿ ಕೆಲವು ಹುಟ್ಟಿನಿಂದಲೇ ಎಡಸುತ್ತಿನವು, ಅವನ್ನು ಬಲಮುರಿ ಎಂದು ಮಾರುವುದುಂಟು. ಬಾಯೊಳಗೆ ಟಾರ್ಚ್ ಹಿಡಿದು ನಡುಗಂಬವನ್ನು ನೋಡಿ: ಮೂರು ನಾಲ್ಕು ಎದ್ದುಕಾಣುವ ಮಡಿಕೆಗಳಿದ್ದರೆ ಟರ್ಬಿನೆಲ್ಲಾ, ಬುಸಿಕಾನ್‌ನಲ್ಲಿ ಅಂಥ ಮಡಿಕೆಗಳ ಸಾಲು ಇರುವುದಿಲ್ಲ. ಯಾವುದೇ ಆಗಿರಲಿ, ಅಂಗಡಿಯಲ್ಲಿ ಕೊಂಡದ್ದನ್ನು ಉತ್ತರ ಕನ್ನಡದ ಚಿಪ್ಪುಗಳ ಪಟ್ಟಿಗೆ ಸೇರಿಸಬಾರದು. 'ಕೊಂಡದ್ದು, ಮೂಲ ತಿಳಿಯದು' ಎಂದು ಬೇರೆ ಪುಟದಲ್ಲಿ ಬರೆಯಿರಿ.

ವೈಜ್ಞಾನಿಕ ಹೆಸರುಗಳು ಬದಲಾಗುತ್ತಿರುತ್ತವೆ. ಹಣವಾಗಿ ಚಲಾವಣೆಯಲ್ಲಿದ್ದ ಕವಡೆಗೆ ಲಿನೇಯಸ್ 1758ರಲ್ಲಿ ಸಿಪ್ರಿಯಾ ಮೊನೆಟಾ ಎಂದು ಹೆಸರಿಟ್ಟ. ಈಗ ಅದು ಮೊನೆಟೇರಿಯಾ ಮೊನೆಟಾ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ವರ್ಮ್ಸ್ ಎಂಬ ಸಾಗರಜೀವಿಗಳ ಹೆಸರುಪಟ್ಟಿಯಲ್ಲಿ ಹಳೆಯ ಹೆಸರನ್ನು ಹುಡುಕಿದರೆ ಈಗಿನ ಹೆಸರು ಸಿಗುತ್ತದೆ. ಜಾತಿಯವರೆಗೆ (ಹೆಸರಿನ ಮೊದಲ ಪದ) ಖಚಿತವಾಗಿ, ಪ್ರಭೇದ (ಎರಡನೆಯ ಪದ) ತಿಳಿಯದಿದ್ದರೆ 'ಡೋನಾಕ್ಸ್, ಪ್ರಭೇದ ಖಚಿತವಿಲ್ಲ' ಎಂದು ಬರೆಯುವುದೇ ಸರಿಯಾದ ಕ್ರಮ.

ಮುಂದಿನ ಸಲ ಹೋಗುವಾಗ ಪಂಚಾಂಗ ನೋಡಿ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಆಗ ಇಳಿತದಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಖಾಲಿ ಚಿಪ್ಪುಗಳನ್ನು ಮಾತ್ರ ತನ್ನಿ, ಒಳಗೆ ಸನ್ಯಾಸಿ ಏಡಿ ಇದ್ದರೆ ಅಲ್ಲೇ ಬಿಡಿ. ನಾಟಿಲಸ್, ದೈತ್ಯ ಕ್ಲ್ಯಾಮ್‌ನಂಥವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ, ಅವನ್ನು ಅಂಗಡಿಯಲ್ಲೂ ಕೊಳ್ಳಬೇಡಿ. ಸದ್ಯಕ್ಕೆ ನಿಮ್ಮ ಜೋಡಿ ಚಿಪ್ಪುಗಳ ಒಳಬದಿಯ ಚಿತ್ರಗಳನ್ನು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆದು ಇಲ್ಲಿ ಹಾಕಿದರೆ, ಕೀಲಿನ ಹಲ್ಲು ನೋಡಿ ನನ್ನಿಂದಾದಷ್ಟನ್ನು ಗುರುತಿಸಿ ಹೇಳುತ್ತೇನೆ.