ಮಗು ಚೆನ್ನಾಗಿರುವಾಗಲೂ ನೋಡುವವರು ಬೇಕು

ಮದ್ದೂರು ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರಿಗೆ 3 ವರ್ಷದ ಮಗಳು, 15 ವರ್ಷದ ಮಗ. ಮಗಳಿಗೆ ನೆಗಡಿಯಾದರೂ, ಭೇದಿಯಾದರೂ ಕಾರು ಮಾಡಿಕೊಂಡು ಮೈಸೂರಿನ ಮಕ್ಕಳ ತಜ್ಞರ ಹತ್ತಿರ ಓಡುತ್ತಾರೆ. ಊರಿನ ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಅತ್ತೆಯವರು ‘ಮೊದಲು ಅಲ್ಲಿ ತೋರಿಸ್ರಪ್ಪ’ ಅನ್ನುತ್ತಾರಂತೆ. ಇವರ ಪ್ರಶ್ನೆ: ‘ಮಕ್ಕಳ ವಿಷಯದಲ್ಲಿ ರಿಸ್ಕ್ ಯಾಕೆ ಸಾರ್? ದೊಡ್ಡ ಡಾಕ್ಟರ್ ಇರುವಾಗ ಪಿಎಚ್‌ಸಿಗೆ ಯಾಕೆ ಹೋಗಬೇಕು?’ ಮಗನ ಬಗ್ಗೆ ಒಂದೇ ಸಾಲು: ‘ಅವನು ದೇವರ ದಯೆಯಿಂದ ಆರೋಗ್ಯವಾಗಿದ್ದಾನೆ, ಆಸ್ಪತ್ರೆ ಮೆಟ್ಟಿಲು ಹತ್ತಿ ವರ್ಷಗಳಾದವು.’ ಮನೆ ಬದಲಾಯಿಸುವಾಗ ಲಸಿಕೆಗಳ ಲೆಕ್ಕ ಬರೆದಿಡುವ ತಾಯಿ ಕಾರ್ಡು ಇಬ್ಬರದ್ದೂ ಕಳೆದುಹೋಗಿವೆ, ಪರವಾಗಿಲ್ವಾ ಎಂದೂ ಕೇಳಿದ್ದಾರೆ.

ನಿಮ್ಮ ಕಾಳಜಿ ದೊಡ್ಡದು. ಮಗಳ ಜ್ವರಕ್ಕೆ ಕೆಲಸ ಬಿಟ್ಟು ಓಡುವ ಅಪ್ಪಂದಿರು ನಮ್ಮ ಕಡೆ ಇನ್ನೂ ಕಡಿಮೆಯೇ. ತಜ್ಞರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಗುವಿಗೆ ಫಿಟ್ಸ್ ಬಂದಾಗ, ಎಳೆಗೂಸು ಹಾಲು ಕುಡಿಯುವುದನ್ನೇ ಬಿಟ್ಟಾಗ, ತುಟಿ ನೀಲಿಯಾದಾಗ ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಇರುವುದರಿಂದಲೇ ಎಷ್ಟೋ ಮನೆಗಳ ದೀಪ ಉಳಿದಿದೆ.

ಆದರೆ ನಿಮ್ಮ ಅತ್ತೆ ಹೇಳಿದ್ದೇ ಸರಿ.

ಭೇದಿಯ ವಿಷಯವನ್ನೇ ತೆಗೆದುಕೊಳ್ಳಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಗಡಿ ದಾಟಿ ಬಂದಾಗ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ ಪದ್ಮವಿಭೂಷಣ ಬಂದಿದ್ದು 2023ರಲ್ಲಿ, ತೀರಿಕೊಂಡ ಮೇಲೆ. ಆ ಬಗೆಯ ನೀರು ಮಾಡುವ ಪುಡಿ, ಅಂದರೆ ಓಆರ್‌ಎಸ್ ಪೊಟ್ಟಣ, ಇವತ್ತು ನಿಮ್ಮೂರ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಪುಕ್ಕಟೆ ಇರುತ್ತದೆ. ಜೊತೆಗೆ ಜಿಂಕ್ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡಬಾರದು. ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಕಲಸಬೇಕು. ಒಂದು ಲೋಟಕ್ಕೆ ಒಂದು ಚಿಟಿಕೆ ಅಂತ ಅಂದಾಜಿನಲ್ಲಿ ಹಾಕುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದು ತಪ್ಪು. ಕಾರಿನಲ್ಲಿ ಮೈಸೂರು ಮುಟ್ಟುವ ಹೊತ್ತಿಗೆ ನಿಮ್ಮ ಮಗಳ ಮೈಯಿಂದ ಹೋಗುವ ನೀರನ್ನು, ಮನೆ ಬಾಗಿಲಲ್ಲೇ ಚಮಚ ಚಮಚ ಕುಡಿಸಿ ತುಂಬಬಹುದು. ಮಗು ಸುಸ್ತಾಗಿ ಕಣ್ಣು ಗುಳಿ ಬಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಆಗ ಆಸ್ಪತ್ರೆಗೆ ಓಡಿ. ದಾರಿಯಲ್ಲೂ ಕುಡಿಸುತ್ತಲೇ ಇರಿ.

ಇಲ್ಲೊಂದು ಸಿಟ್ಟಿನ ಮಾತು ಹೇಳಲೇಬೇಕು. ವರ್ಷಗಟ್ಟಲೆ ಓಆರ್‌ಎಸ್ ಅಂತ ಹೆಸರು ಹಾಕಿಕೊಂಡು ಸಕ್ಕರೆ ನೀರು ಮೆಡಿಕಲ್ ಶಾಪಿನಲ್ಲಿ ಮಾರಾಟವಾಯಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಹಠ ಹಿಡಿದು ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳಿಗೆ ಆ ಹೆಸರು ಬಳಸಕೂಡದೆಂದಿತು. ಜಾಸ್ತಿ ಸಕ್ಕರೆ ಭೇದಿಯನ್ನು ಇನ್ನೂ ಹೆಚ್ಚಿಸುತ್ತದೆ. ದುಡ್ಡು ಕೊಟ್ಟು ತಂದ ಡಬ್ಬಕ್ಕಿಂತ ಆಶಾ ಕೊಟ್ಟ ಪೊಟ್ಟಣವೇ ಒಳ್ಳೆಯದಾಗಿತ್ತು. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಅಂತ ನಾವು ಅಂದುಕೊಂಡಿದ್ದರಿಂದ ಮಕ್ಕಳು ನರಳಿದರು.

ಕೆಮ್ಮಿನ ಸಿರಪ್ಪಿನ ಕಥೆ ಇನ್ನೂ ಘೋರ. ಅದೇ ವರ್ಷದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬೇಡವೇ ಬೇಡ, ಐದರ ತನಕ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ಮತ್ತೆ ಹೇಳಿತು. ನಿಮ್ಮ ಮಗಳಿಗೆ ಕೆಮ್ಮಿದ್ದಾಗ ನೀವು ನೋಡಬೇಕಾದದ್ದು ಅವಳ ಉಸಿರು. ಅವಳು ಮಲಗಿರುವಾಗ ಅಂಗಿ ಮೇಲೆತ್ತಿ, ಒಂದು ಪೂರ್ತಿ ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ, ಉಸಿರೆಳೆಯುವಾಗ ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ತಡ ಮಾಡಬೇಡಿ. ವರ್ಷದೊಳಗಿನ ಕೂಸಿಗೆ ಆ ಲೆಕ್ಕ 50, ಎರಡು ತಿಂಗಳೊಳಗಿನ ಕೂಸಿಗೆ 60. ಆಶಾಗಳಿಗೆ, ಉಪಕೇಂದ್ರದ ನರ್ಸಮ್ಮಂದಿರಾದ ಎಎನ್‌ಎಂಗಳಿಗೆ ಇದನ್ನು ಕಲಿಸಿರುತ್ತಾರೆ. ನಿಮಗೂ ಬರಲಿ.

ಶ್ರೀರಂಗಪಟ್ಟಣದ ಕಡೆಯ ಒಂದು ಅಂಗನವಾಡಿಗೆ ಹೋಗಿದ್ದೆ. ಟೀಚರಮ್ಮ ಒಬ್ಬ ಹುಡುಗನ ಎಡತೋಳಿಗೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಸುತ್ತುತ್ತಿದ್ದರು. ಅವನ ಕೈಯಲ್ಲಿ ಅರ್ಧ ತಿಂದ ಮೊಟ್ಟೆ. ಪಟ್ಟಿ ಹಳದಿಯಲ್ಲಿ ನಿಂತಿತು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ‘ಹೋದ ತಿಂಗಳು ಹಸಿರಲ್ಲಿದ್ದ ಸಾರ್. ಅವರಮ್ಮ ಕಬ್ಬು ಕಡಿಯೋಕೆ ಹೋಗ್ತಾಳೆ, ಅಜ್ಜಿಗೂ ಹುಷಾರಿಲ್ಲ’ ಎಂದರು ಟೀಚರಮ್ಮ. ಹೋದ ತಿಂಗಳು ಅವನು ಎಲ್ಲಿದ್ದ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಹತ್ತು ನಿಮಿಷ ನೋಡಿ ಕಳಿಸುವ ತಜ್ಞರಿಗೆ, ಅವರು ಎಷ್ಟೇ ಜಾಣರಿರಲಿ, ಇದು ಗೊತ್ತಾಗಲು ದಾರಿಯೇ ಇಲ್ಲ.

ಈಗ ನಿಮ್ಮ ಮಗನ ವಿಷಯ. ಕಾಗದ ಓದಿದಾಗ ನನಗೆ ಆತಂಕವಾಗಿದ್ದು ಮಗಳ ನೆಗಡಿಗಲ್ಲ, ಇವನ ಬಗ್ಗೆ ನೀವು ಬರೆದ ಆ ಒಂದು ಸಾಲಿಗೆ. ಐದು ವರ್ಷದವರೆಗೆ ತೂಕ, ಹನಿ, ಚುಚ್ಚುಮದ್ದು ಅಂತ ಕುಣಿದಾಡುವ ನಾವು, ಮಗು ಶಾಲೆಗೆ ಸೇರಿದ ಮೇಲೆ ಮಾರ್ಕ್ಸ್ ಕಾರ್ಡ್ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ. ಅವನ ಎತ್ತರ, ತೂಕ ಎಷ್ಟು? ಬೋರ್ಡು ಕಾಣುತ್ತಾ? ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ? ಗುಟ್ಕಾ ರುಚಿ ನೋಡಿದ್ದಾನಾ? ಯಾರಾದರೂ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು, ‘ಮನಸ್ಸಿಗೆ ಏನಾದ್ರೂ ಕಷ್ಟ ಇದೆಯೇನೋ’ ಅಂತ ಕೇಳಿದ್ದಾರಾ?

ಮೈಸೂರಿನಲ್ಲಿ ನಮ್ಮ ಬೀದಿಯಲ್ಲೇ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆನೋವು. ಓದಿನ ಟೆನ್ಷನ್ ಅಂದರು ಮನೆಯವರು. ಒಂದು ದೊಡ್ಡ ಕ್ಲಿನಿಕ್ಕಿನಲ್ಲಿ ತಲೆ ಸ್ಕ್ಯಾನ್ ಕೂಡ ಮಾಡಿಸಿದರು. ಕೊನೆಗೆ ಕಾಲೇಜಿಗೆ ಬಂದ ನರ್ಸೊಬ್ಬರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ‘ಮುಟ್ಟಿನಲ್ಲಿ ಜಾಸ್ತಿ ಹೋಗ್ತದಾ ಮಗಳೇ?’ ಎಂದು ಕೇಳಿದರು. ಹಿಮೋಗ್ಲೋಬಿನ್ 7ರ ಹತ್ತಿರ, ತೀರಾ ಕಡಿಮೆ ಇತ್ತು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಇವಳು ಒಬ್ಬಳೇ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲೂ ನೂರಕ್ಕೆ 31. ನಿಮ್ಮ ಮಗನೂ ಆ ವಯಸ್ಸಿನವನೇ, ಅಲ್ವಾ?

ಇದಕ್ಕೆಂದೇ ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಒಂದು ಹೈಸ್ಕೂಲಿನ ಕಿಟಕಿಯಾಚೆ, ತುಂಬೆ ಗಿಡಗಳ ಮಧ್ಯೆ ಆ ನೀಲಿ ಮಾತ್ರೆಗಳು ಚೆಲ್ಲಿ ಬಿದ್ದಿದ್ದನ್ನು ನೋಡಿ ಹೊಟ್ಟೆ ಉರಿಯಿತು. ಹೊಟ್ಟೆ ತೊಳೆಸುತ್ತೆ ಅಂತ ಮಕ್ಕಳು ಬಿಸಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತೊಳೆಸುವುದು ನಿಜ. ಬಿಸಿಯೂಟ ಆದ ಮೇಲೆ ನುಂಗಬೇಕು, ಹಿಂದೆ ಮುಂದೆ ಕಾಫಿ ಟೀ ಬೇಡ, ಮಲ ಕಪ್ಪಗಾದರೆ ಹೆದರಬೇಡಿ ಎಂದು ಯಾರಾದರೂ ಮೊದಲೇ ಹೇಳಬೇಕಿತ್ತು.

ಹದಿಹರೆಯದವರಿಗಾಗಿಯೇ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಅಂದರೆ ಅದೇ. ಅದಕ್ಕೂ ಒಂದು ವರ್ಷ ಮುಂಚೆ ಶುರುವಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಹೃದಯ, ಕಣ್ಣು, ಕಿವಿ, ಹಲ್ಲು ನೋಡಬೇಕು. ಖಾಸಗಿ ಶಾಲೆಯ ಮಕ್ಕಳ ಮೈಯನ್ನು ಯಾರು ನೋಡುತ್ತಾರೆ? ಫೀಸು ಕಟ್ಟುವ ನೀವೇ ಶಾಲೆಯವರನ್ನು ಕೇಳಬೇಕು.

ನನ್ನ ದೂರು ಇನ್ನೂ ದೊಡ್ಡದಿದೆ. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಎಂದು ಹೇಳಿದ 1946ರ ಭೋರ್ ಸಮಿತಿ ವರದಿಯೇ ಜನರ ಮನೆ ಹತ್ತಿರ ಆರೋಗ್ಯ ಕೇಂದ್ರ ಇರಬೇಕು ಎಂದಿತ್ತು. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ, 5,000 ಜನಕ್ಕೆ ಒಂದು ಉಪಕೇಂದ್ರ ಎಂಬ ಲೆಕ್ಕ ಇವತ್ತಿಗೂ ಇದೆ. ಆದರೆ ಟೇಪು ಕತ್ತರಿಸುವವರಿಗೆ ಮಲ್ಟಿ ಸ್ಪೆಷಾಲಿಟಿ ಕಟ್ಟಡವೇ ಬೇಕು. ಉಪಕೇಂದ್ರದ ಸೋರುವ ಸೂರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವವರು ಯಾರು? ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೆ 3ನೇ ದಿನ, 7ನೇ ದಿನ, ಹೀಗೆ 42ನೇ ದಿನದವರೆಗೆ ಆರು ಸಲ ಹೋಗಿ ಕೂಸಿನ ಮೈ ಮುಟ್ಟಿ ನೋಡುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಕೇಳಿದ್ದು ಗೌರವದ ಸಂಬಳ, ಅಷ್ಟೇ.

ಇದರಲ್ಲಿ ನಿಮ್ಮ ಪಾಲೂ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಕಾಗದ ಬರೆಯಬಲ್ಲವರು, ಪಂಚಾಯ್ತಿಯಲ್ಲಿ ದನಿ ಎತ್ತಬಲ್ಲವರು ನೀವು. ನಿಮ್ಮಂಥವರೆಲ್ಲ ಕಾರು ಹತ್ತಿ ಮೈಸೂರಿಗೆ ಹೋದರೆ, ಪಿಎಚ್‌ಸಿಯಲ್ಲಿ ಡಾಕ್ಟರ್ ಯಾಕಿಲ್ಲ, ಔಷಧಿ ಯಾಕೆ ಬಂದಿಲ್ಲ ಎಂದು ಕೇಳಲು ಉಳಿಯುವವರು ಕೂಲಿಗೆ ಹೋಗಬೇಕಾದ ಹೆಂಗಸರು ಮಾತ್ರ. ಅವರ ಮಾತಿಗೆ ಯಾವ ಅಧಿಕಾರಿ ಎದ್ದು ನಿಂತಾನು? ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ, ಸಭೆ ಯಾವಾಗ ಎಂದು ಕೇಳಿ. ಸಭೆಗೆ ಹೋಗಿ.

ಕಾರ್ಡಿನ ವಿಷಯ. ಪರವಾಗಿಲ್ಲ ಅನ್ನಲಾರೆ. ಮುಂದಿನ ಗುರುವಾರ ಲಸಿಕೆ ದಿನ ಉಪಕೇಂದ್ರಕ್ಕೆ ಹೋಗಿ, ಎಎನ್‌ಎಂ ರಿಜಿಸ್ಟರ್ ತೆಗೆಸಿ ಹೊಸ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಗಳಿಗೆ ಎರಡನೇ ದಡಾರ-ರುಬೆಲ್ಲಾ ಲಸಿಕೆ, ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯಾ ನೋಡಿ. ವಿಟಮಿನ್ ಎ ಹನಿ ಆರು ತಿಂಗಳಿಗೊಮ್ಮೆ ಐದು ವರ್ಷದವರೆಗೂ ಇದೆ. ಮಗನನ್ನೂ ಕರೆದುಕೊಂಡು ಹೋಗಿ. ಅವನಿಗೆ ಹತ್ತು ತುಂಬಿದಾಗ ಕೋವಿಡ್ ಕಾಲ, ಶಾಲೆಗಳು ಮುಚ್ಚಿದ್ದವು. ಆ ವಯಸ್ಸಿನ ಟಿಡಿ (ಧನುರ್ವಾಯು, ಗಂಟಲಮಾರಿಯ) ಚುಚ್ಚುಮದ್ದು ತಪ್ಪಿರುವ ಸಾಧ್ಯತೆ ಬಹಳ. 16ಕ್ಕೆ ಇನ್ನೊಂದು ಇದೆ. ಅಲ್ಲೇ ತೂಕ, ಎತ್ತರ, ಹಿಮೋಗ್ಲೋಬಿನ್ ನೋಡಿಸಿ. ಸ್ನೇಹ ಕ್ಲಿನಿಕ್ಕಿನಲ್ಲಿ ಅವನು ಮಾತಾಡುವಾಗ ನೀವು ಹೊರಗೆ ಕೂತಿರಿ. ಅಲ್ಲೂ ಹೇಳಿಕೊಳ್ಳಲು ಆಗದಿದ್ದರೆ ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಅವನ ಫೋನಿನಲ್ಲಿರಲಿ. ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.